ಕ್ಯಾಮೆರಾ ಹಾಕಿಸಿದಿರಿ ಸರಿ, ಹೊರಗಿನಿಂದ ಪರೀಕ್ಷೆ ಮಾಡಿಸಿದಿರಾ?

ಅಡಿಕೆ ಅಂಗಳಕ್ಕೆ ಕ್ಯಾಮೆರಾ, ಕೊಟ್ಟಿಗೆಗೆ ಕ್ಯಾಮೆರಾ, ಡೇರಿ ಬಾಗಿಲಿಗೂ ಕ್ಯಾಮೆರಾ. ಹಾಕುವವರು ಬರುತ್ತಾರೆ, ತಂತಿ ಎಳೆಯುತ್ತಾರೆ, ನಿಮ್ಮ ಮೊಬೈಲಿನಲ್ಲಿ ಚಿತ್ರ ತೋರಿಸುತ್ತಾರೆ, ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ನಮ್ಮ ತಕರಾರು ಇಲ್ಲೇ ಇದೆ. ಚಿತ್ರ ನಿಮಗೆ ಕಾಣುತ್ತದೆ ಎಂದಷ್ಟೇ ಅವರು ತೋರಿಸಿದ್ದು. ಬೇರೆಯವರಿಗೆ ಕಾಣುವುದಿಲ್ಲ ಎಂದು ಯಾರು ತೋರಿಸಿದರು?

ರೂಟರ್ ಅಂದರೆ ಮನೆಯ ಹೆಬ್ಬಾಗಿಲು. ಹೊರಗಿನಿಂದ ಯಾರೂ ನೇರವಾಗಿ ಒಳಗೆ ಬರದಂತೆ ಅದು ತಡೆಯುತ್ತದೆ. ದೂರದಿಂದ ಕ್ಯಾಮೆರಾ ನೋಡಲು ಕೆಲವರು ಅದರಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಮಾಡಿ ಒಂದು ಕಿಂಡಿ ತೆರೆಯುತ್ತಾರೆ. 'ಯುಪಿಎನ್‌ಪಿ' ಆನ್ ಇದ್ದರೆ ಕ್ಯಾಮೆರಾ ತಾನೇ ಕಿಂಡಿ ತೆರೆಸಿಕೊಳ್ಳಬಹುದು. ಆ ಕಿಂಡಿಗೆ ನಿಮ್ಮ ಗುರುತು ಗೊತ್ತಿಲ್ಲ, ಅದು ಇಡೀ ಲೋಕಕ್ಕೆ ತೆರೆದಿರುತ್ತದೆ. ಪಾಸ್‌ವರ್ಡ್ 'ಅಡ್ಮಿನ್' ಎಂದೇ ಉಳಿದಿದ್ದರೆ, ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ.

'ನಮ್ಮ ಹಳ್ಳಿ ಮನೆ ಯಾರಿಗೆ ಬೇಕು ಬಿಡಿ' ಅನ್ನುವವರಿದ್ದಾರೆ. ಹುಡುಕುವುದು ಮನುಷ್ಯರಲ್ಲ, ಯಂತ್ರಗಳು. ಅವು ಇಂಟರ್ನೆಟ್ಟಿನ ವಿಳಾಸಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗುತ್ತವೆ. ಹಳ್ಳಿ, ಪಟ್ಟಣ ಎಂದು ನೋಡುವುದಿಲ್ಲ. 2016ರಲ್ಲಿ 'ಮಿರಾಯ್' ಎಂಬ ಕುತಂತ್ರಾಂಶ ಕಂಪನಿಯಿಂದಲೇ ಬಂದ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಿಡಿದು ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶ ಮಾಡಿಕೊಂಡಿತು. ಆ ವರ್ಷ ಅಕ್ಟೋಬರ್ 21ರಂದು ಅಂಥ ಸಾಧನಗಳಿಂದ 'ಡಿನ್' ಎಂಬ ಕಂಪನಿಯ ಮೇಲೆ ದಾಳಿ ನಡೆದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ತಡವರಿಸಿದವು.

ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಪೆಟ್ಟಿಗೆಗೂ ಒಂದೇ ಸುಲಭ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಒಳ್ಳೆಯದೇ. ಆದರೆ ಲ್ಯಾಬಿನಲ್ಲಿ ಪರೀಕ್ಷೆಯಾಗುವುದು ಕ್ಯಾಮೆರಾ. ನಿಮ್ಮ ರೂಟರಿನಲ್ಲಿ ತೆರೆದ ಕಿಂಡಿಯನ್ನು ಯಾವ ಲ್ಯಾಬೂ ನೋಡುವುದಿಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ನಾಲ್ಕು ಕೆಲಸ ನಿಮ್ಮೆದುರೇ ಆಗಲಿ.

ಒಂದು: ರೂಟರ್, ಕ್ಯಾಮೆರಾ, ಆ್ಯಪ್ ಮೂರರ ಪಾಸ್‌ವರ್ಡನ್ನೂ ನಿಮ್ಮ ಕೈಯಿಂದಲೇ ಬದಲಿಸಿ. ಆ್ಯಪಿನಲ್ಲಿ ಇನ್ನಾರ ಖಾತೆಗೆ ಚಿತ್ರ ಹಂಚಿದೆ ನೋಡಿ.

ಎರಡು: ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ ತೆರೆಸಿ. ಪ್ರತಿ ಸಾಲಿಗೂ 'ಇದು ಯಾಕೆ?' ಎಂದು ಕೇಳಿ. ಅದಿಲ್ಲದೆಯೂ ಆ್ಯಪ್ ನಡೆಯುವುದಾದರೆ ಅಳಿಸಿ. ಯುಪಿಎನ್‌ಪಿ ಆಫ್ ಮಾಡಿಸಿ.

ಮೂರು: ಮನೆಯ ವೈಫೈನಲ್ಲಿದ್ದು ನಿಮ್ಮ ಹೊರ ಐಪಿ ವಿಳಾಸ ಬರೆದುಕೊಳ್ಳಿ. ಈಗ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ಆ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಿರಿ. ವೈಫೈನಲ್ಲೇ ಕೂತು ನೋಡಿದರೆ ಅದು ಒಳಗಿನ ನೋಟ, ಪರೀಕ್ಷೆ ಅಲ್ಲ. ಹೊರಗಿನಿಂದ ನಿಮ್ಮ ರೂಟರಿನದೋ ಕ್ಯಾಮೆರಾದ್ದೋ ಲಾಗಿನ್ ಪುಟ ಬಂದರೆ ಕಿಂಡಿ ತೆರೆದಿದೆ ಎಂದರ್ಥ. ಬರದಿದ್ದರೂ ಅಲ್ಲಿಗೇ ನಿಲ್ಲಬೇಡಿ. 23, 80, 554, 8000 ಹೀಗೆ ಕಿಂಡಿಗಳು ಹಲವು. ಮನೆ ವೈಫೈಗೆ ಮರಳಿ, ಪೋರ್ಟ್ ಪರೀಕ್ಷಿಸುವ ಜಾಲತಾಣದಲ್ಲಿ ಒಂದೊಂದನ್ನೂ ನೋಡಿಸಿ.

ನಾಲ್ಕು: ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ, ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದು ತಿಳಿಯಿರಿ. ಅಲ್ಲಿ ಪೋರ್ಟ್ ತೆರೆದೂ ಪ್ರಯೋಜನವಿಲ್ಲ. ಅದಕ್ಕೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪರೀಕ್ಷೆ ನಿಮ್ಮ ಮನೆಗೆ ಮಾತ್ರ. ಪಕ್ಕದವರ ಸಾಧನದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ.

ಬೋರ್‌ವೆಲ್ ಕೊರೆದವರು ನೀರು ತೋರಿಸದೆ ಹೋದರೆ ನಾವು ಬಿಡುತ್ತೇವೆಯೇ? ಕ್ಯಾಮೆರಾ ಹಾಕಿದವರನ್ನೂ ಬಿಡಬಾರದು. ಪಂಚಾಯಿತಿ, ಡೇರಿ, ಶಾಲೆಯ ಕ್ಯಾಮೆರಾಗಳ ಬಿಲ್ ಪಾಸಾಗುವ ಮುಂಚೆ ಸಭೆಯಲ್ಲಿ ಈ ಪ್ರಶ್ನೆ ಏಳಲಿ: ಹೊರಗಿನಿಂದ ಪರೀಕ್ಷೆ ಆಯಿತೇ, ಯಾರೆದುರು ಆಯಿತು?