‘ಸರ್ವರ್ ಇಲ್ಲ, ನಾಳ ಬಾ’ ಅನ್ನೋ ಮುಂಚೆ ಸ್ವಿಚ್ ನೋಡಿ

1/5
ನಮ್ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಯಾವ ಕೌಂಟರ್ ಮುಂದೆ ನಿಂತ್ರೂ ಒಂದಲ್ಲ ಒಂದಿನ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: “ಸರ್ವರ್ ಇಲ್ಲ ಕನಪ್ಪ, ನಾಳ ಬಾ.” ಒಂದು ಕಾಲಕ್ಕೆ ದೆವ್ವ ಒಳಗೆ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಂತೆ. ಈಗ ಅದನ್ನೇ ಮನುಷ್ಯರಿಗೆ ಹೇಳ್ತಿದ್ದೀವಿ. ಪಹಣಿಗೆ ಅಂತ ಬೆಟ್ಟದ ಕಡೆಯಿಂದ ಬಸ್ ಹತ್ತಿ ಬಂದವರಿಗೆ ಆ ಒಂದು ಮಾತಿನ ಬೆಲೆ ಒಂದು ದಿನದ ಕೂಲಿ, ಜೊತೆಗೆ ಬಸ್ ಚಾರ್ಜು.

ಸರ್ವರ್ ನಿಜವಾಗ್ಲೂ ಕೈಕೊಡೋ ದಿನ ಇರುತ್ತೆ. ರಸ್ತೆ ಅಗೆಯುವಾಗ ಫೈಬರ್ ತುಂಡಾಗೋದೂ ಉಂಟು. ಆದ್ರೆ ತೊಂದರೆ ಅದೇ ಕಟ್ಟಡದ ಮೂಲೆಯಲ್ಲಿ, ಧೂಳು ಹಿಡಿದ ಮ್ಯಾನೇಜ್ಡ್ ಸ್ವಿಚ್‌ನ ಸೆಟ್ಟಿಂಗಲ್ಲೂ ಇರಬಹುದಲ್ವಾ? ನೋಡದೇ ‘ಸರ್ವರ್ ಇಲ್ಲ’ ಅನ್ನೋದು ವಿಚಾರಣೆ ಇಲ್ಲದೆ ಕೊಟ್ಟ ತೀರ್ಪಿನ ಹಾಗೆ. ಐಟಿಐ, ಡಿಪ್ಲೊಮಾ, ಬಿಸಿಎ ಓದ್ತಿರೋ ನಾವಾದ್ರೂ ಆ ತೀರ್ಪು ಒಪ್ಪಬಾರದು. ಇವತ್ತಿನ ಪೋಸ್ಟ್ ಅದಕ್ಕೇ.

2/5
ಸಾದಾ ಸ್ವಿಚ್‌ಗೆ ಕೇಬಲ್ ಚುಚ್ಚಿದ್ರೆ ಸಾಕು. ಮ್ಯಾನೇಜ್ಡ್ ಸ್ವಿಚ್‌ಗೆ ಹೇಳಿಕೊಡಬೇಕು. ಗುಂಡಾಲ್ ಜಲಾಶಯದ ಕಾಲುವೆ ನೆನಪಿಸ್ಕೊಳ್ಳಿ. ಅಣೆಕಟ್ಟೆಯಲ್ಲಿ ನೀರು ಎಷ್ಟಿದ್ರೂ ನಿಮ್ಮ ಗದ್ದೆಯ ತೂಬು ಮುಚ್ಚಿದ್ರೆ ಪೈರು ಒಣಗುತ್ತೆ. ವಿಲ್ಯಾನ್ ಅಂದ್ರೆ ಒಂದೇ ಸ್ವಿಚ್ ಒಳಗಿನ ಬೇರೆ ಬೇರೆ ಕಾಲುವೆ. ಟ್ರಂಕ್ ಪೋರ್ಟ್ ಆ ಎಲ್ಲವನ್ನೂ ಗುರುತು ಹಾಕಿ, ಬೆರೆಯದ ಹಾಗೆ ಮುಂದಿನ ಸ್ವಿಚ್‌ಗೆ ಸಾಗಿಸುತ್ತೆ.

ಪೋರ್ಟ್ ತಪ್ಪು ವಿಲ್ಯಾನ್‌ಗೆ ಸೇರಿದ್ರೆ ಏನಾಗುತ್ತೆ? ಹಸಿರು ದೀಪ ಉರಿಯುತ್ತೆ, ಕೇಬಲ್ ಚೆನ್ನಾಗಿರುತ್ತೆ, ಕಂಪ್ಯೂಟರ್ ಮಾತ್ರ 169.254ರಿಂದ ಶುರುವಾಗೋ ವಿಳಾಸ ಇಟ್ಕೊಂಡು ಕೂತಿರುತ್ತೆ. ಅಂದ್ರೆ ವಿಳಾಸ ಕೊಡೋ ಡಿಹೆಚ್‌ಸಿಪಿ ಅದಕ್ಕೆ ಸಿಕ್ಕಿಲ್ಲ.

ಇನ್ನೊಂದು ಹಳೇ ಗುಂಡಿ. ಸಿಸ್ಕೊ ಸ್ವಿಚ್‌ನ ಟ್ರಂಕ್‌ಗೆ ಹೊಸ ವಿಲ್ಯಾನ್ 30 ಸೇರಿಸಬೇಕು ಅಂತಿಟ್ಕೊಳ್ಳಿ. ‘ಅಲೌಡ್ ವಿಲ್ಯಾನ್ ಆಡ್ 30’ ಅನ್ನೋ ಬದಲು ‘ಅಲೌಡ್ ವಿಲ್ಯಾನ್ 30’ ಅಂತ ಹೊಡೆದ್ರೆ 30 ಒಂದೇ ಉಳಿದು ಹಳೇವೆಲ್ಲ ಪಟ್ಟಿಯಿಂದ ಬಿದ್ದುಹೋಗ್ತವೆ. ಒಂದು ಪದ ಬಿಟ್ಟಿದ್ದಕ್ಕೆ ಇಡೀ ಮಹಡಿ ಬಂದ್. ಆಗ ಕೌಂಟರಲ್ಲಿ ಕೇಳೋ ಮಾತು ಗೊತ್ತಲ್ಲ?

3/5
“ರೀಸೆಟ್ ಹೊಡೆದ್ರೆ ಸರಿ ಹೋಗುತ್ತೆ ಬುಡು ಗುರು” ಅನ್ನೋ ಗೆಳೆಯರಿಗೆ ಎರಡು ಮಾತು.

ಪವರ್ ತೆಗೆದು ಹಾಕೋದು ಬೇರೆ, ಫ್ಯಾಕ್ಟರಿ ರೀಸೆಟ್ ಬೇರೆ. ಎರಡನೆಯದು ವಿಲ್ಯಾನ್, ಟ್ರಂಕ್, ಪಾಸ್‌ವರ್ಡ್ ಎಲ್ಲಾ ಅಳಿಸಿಬಿಡುತ್ತೆ. ಮೊದಲನೆಯದೂ ಪುಕ್ಕಟೆ ಅಲ್ಲ. ಮೆಮೊರಿಯಲ್ಲಿದ್ದ ಲಾಗ್ ಹೋಗುತ್ತೆ, ಲಾಗ್ ಹೋದ್ರೆ ಸಾಕ್ಷಿ ಹೋದ ಹಾಗೆ.

ಜೊತೆಗೆ ಸಿಸ್ಕೊ ಥರದ ಸ್ವಿಚ್‌ಗಳಲ್ಲಿ ಎರಡು ಸೆಟ್ಟಿಂಗ್ ಇರ್ತವೆ: ಈಗ ಓಡ್ತಿರೋ ರನ್ನಿಂಗ್ ಕಾನ್ಫಿಗ್, ಆನ್ ಆದಾಗ ಓದೋ ಸ್ಟಾರ್ಟಪ್ ಕಾನ್ಫಿಗ್. ಬದಲಾಯಿಸಿ ಸೇವ್ ಮಾಡದಿದ್ರೆ ಕರೆಂಟ್ ಹೋಗಿ ಬಂದ ಕೂಡಲೇ ಹಳೇ ಸೆಟ್ಟಿಂಗೇ ವಾಪಸ್. ಕರೆಂಟ್ ಹೆಂಗ್ ಹೋಯ್ತದ ಅಂತ ನಿಮಗೆ ನಾನು ಹೇಳಬೇಕಾ? “ನಿನ್ನೆ ಚೆನ್ನಾಗಿತ್ತು, ಇವತ್ತು ಹೋಯ್ತು” ಅನ್ನೋ ದೂರು ಬಂದ್ರೆ ಮೊದಲು ಕೇಳಿ: ರಾತ್ರಿ ಕರೆಂಟ್ ಹೋಗಿತ್ತಾ?

4/5
ನಾನು ಹೇಳೋ ಕ್ರಮ ಇಷ್ಟೇ.

ಮೊದಲು ಕೇಳಿ: ಒಂದೇ ಕಂಪ್ಯೂಟರಾ, ಒಂದು ಕೋಣೆಯಾ, ಇಡೀ ಕಟ್ಟಡವಾ? ಇತ್ತೀಚೆಗೆ ಯಾರು ಏನು ಮುಟ್ಟಿದ್ರು?
ಆಮೇಲೆ ನೋಡಿ: ಪೋರ್ಟ್ ಯಾವ ವಿಲ್ಯಾನ್‌ನಲ್ಲಿದೆ, ಟ್ರಂಕ್ ಯಾವುದನ್ನ ಬಿಡ್ತಿದೆ, ಪೋರ್ಟ್ ‘ಎರರ್ ಡಿಸೇಬಲ್ಡ್’ ಆಗಿದೆಯಾ, ಸಿಆರ್‌ಸಿ ಎರರ್ ಏರ್ತಿದೆಯಾ?
ಗೇಟ್‌ವೇಗೆ ಪಿಂಗ್ ಮಾಡಿ. ಅಲ್ಲಿತನಕ ಸರಿಯಿದ್ರೆ ತೊಂದರೆ ಆಚೆ ಇರೋ ಸಂಭವ ಹೆಚ್ಚು. ಈಗ ‘ಲೈನ್ ನೋಡಿ’ ಅಂತ ದೂರು ಕೊಡೋಕೆ ನಿಮ್ಮ ಹತ್ರ ಆಧಾರ ಇದೆ.
ಮುಟ್ಟೋ ಮುಂಚೆ ಕಾನ್ಫಿಗ್ ಕಾಪಿ ತಗೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಹೋದ್ರೆ ಸೇವ್, ಇಲ್ಲದಿದ್ರೆ ಅದನ್ನ ವಾಪಸ್ ತೆಗೆದು ಮುಂದಿನದು.

ಕೊಳ್ಳೇಗಾಲದಲ್ಲಿ ಕೂತು ಹನೂರಿನ ಸ್ವಿಚ್ ಮುಟ್ತೀರಾ? ಸಿಸ್ಕೊದಲ್ಲಿ ಮೊದಲು ‘ರಿಲೋಡ್ ಇನ್ 10’ ಕೊಡಿ. ನಿಮ್ಮನ್ನ ನೀವೇ ಹೊರಗೆ ಹಾಕ್ಕೊಂಡ್ರೂ ಹತ್ತು ನಿಮಿಷಕ್ಕೆ ಅದು ಸೇವ್ ಆಗಿರೋ ಸೆಟ್ಟಿಂಗ್‌ಗೆ ಮರಳುತ್ತೆ. ಎಲ್ಲಾ ಸರಿಯಿದ್ರೆ ‘ರಿಲೋಡ್ ಕ್ಯಾನ್ಸಲ್’ ಹೊಡೆದು ಸೇವ್ ಮಾಡಿ.

5/5
ಇಷ್ಟೆಲ್ಲ ಗೊತ್ತಿದ್ರೂ ಪಾಸ್‌ವರ್ಡ್ ದೂರದೂರಿನ ಗುತ್ತಿಗೆದಾರರ ತಲೆಯೊಳಗೇ ಇದ್ರೆ ಏನು ಮಾಡೋದು? ಮೈಸೂರಿಂದ ಎಂಜಿನಿಯರ್ ಬರಬೇಕು ಅಂದ್ರೆ ಸುಮಾರು 60 ಕಿಲೋಮೀಟರ್. ಅಲ್ಲಿವರೆಗೆ ಸಾಲಿನಲ್ಲಿರೋರು ಕಾಯಬೇಕು. ಅದಕ್ಕೇ ನನ್ನ ಬೇಡಿಕೆ ಮೂರು. ರ‍್ಯಾಕ್ ಬಾಗಿಲಿಗೆ ಯಾವ ಪೋರ್ಟ್ ಎಲ್ಲಿಗೆ ಅನ್ನೋ ಚೀಟಿ. ಕಾನ್ಫಿಗ್ ಬ್ಯಾಕಪ್ ಕಚೇರಿಯಲ್ಲೇ. ಪಾಸ್‌ವರ್ಡ್ ಸೀಲ್ ಮಾಡಿದ ಕವರಿನಲ್ಲಿ ಮುಖ್ಯಸ್ಥರ ಹತ್ರ, ಗೋಡೆ ಮೇಲೆ ಬೇಡ.

ಇದು ಸಣ್ಣ ಊರಿನ ಸಮಸ್ಯೆ ಅಷ್ಟೇ ಅಂದ್ಕೋಬೇಡಿ. 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ದಿನಗಟ್ಟಲೆ ಕುಸಿದು, ವೈದ್ಯರು ಮತ್ತೆ ಕಾಗದ ಪೆನ್ನು ಹಿಡಿದ್ರು. ಸ್ವಿಚ್‌ಗೆ ಸ್ವಿಚ್ ಸೇರಿಸ್ತಾ ಹೋಗಿ, ಲೂಪ್ ತಡೆಯೋ ಸ್ಪ್ಯಾನಿಂಗ್ ಟ್ರೀಯ ಮಿತಿ ಮೀರಿತ್ತು. ಅವರು ಅದನ್ನ ಮುಚ್ಚಿಡದೆ ಹೊರಗಿನವರಿಗೂ ಹೇಳಿದ್ರು. ಅದಕ್ಕೇ ಇವತ್ತು ನಾವು ಅದರಿಂದ ಕಲೀತಿದ್ದೀವಿ.

2011ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟು, ಮುಂದೆ ಭಾರತ್‌ನೆಟ್ ಅಂತ ಹೆಸರು ಬದಲಾದ ಯೋಜನೆ ಇರೋದು ಪಂಚಾಯಿತಿ ಬಾಗಿಲಿಗೆ ಫೈಬರ್ ತರೋಕೆ. ಬಾಗಿಲಿಂದ ಒಳಗಿನ ಕೆಲಸಕ್ಕೆ ಜನ ಬೇಕು. ಬೆಂಗಳೂರಿಗೆ ಹೋಗೋರು ಹೋಗಿ, ಬೇಡ ಅನ್ನಲ್ಲ. ಇಲ್ಲೇ ಇರೋರು ಸ್ವಿಚ್ ಓದೋದು ಕಲೀರಿ. ‘ನಾಳ ಬಾ’ ಅನ್ನೋದು ಅಷ್ಟರಮಟ್ಟಿಗೆ ಕಮ್ಮಿ ಆಗುತ್ತೆ.

ನಿಮ್ಮ ಕಾಲೇಜು ಲ್ಯಾಬಿನ ರ‍್ಯಾಕ್ ಮೇಲೆ ಪೋರ್ಟ್ ಚೀಟಿ ಇದೆಯಾ? ಕಾಮೆಂಟಲ್ಲಿ ಹೇಳಿ. ಇಲ್ಲ ಅಂದ್ರೆ ಲ್ಯಾಬ್ ಸರ್ ಹತ್ರ ಕೇಳ್ಕೊಂಡು ಈ ವಾರವೇ ಅಂಟಿಸಿ.

#ಕೊಳ್ಳೇಗಾಲ #ಹನೂರು #ಯಳಂದೂರು #ನೆಟ್‌ವರ್ಕಿಂಗ್‌ಕನ್ನಡದಲ್ಲಿ