ಹಳೇ ಲಯಕ್ಕೆ ಹೊಸ ಹಾಡು: ಮೆಚ್ಚಿದವರು, ಮುನಿದವರು

2010ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಡೇಂಜರ್‌ಬರ್ಡ್ ಎಂಬ ಸಣ್ಣ ರೆಕಾರ್ಡ್ ಕಂಪನಿ ಹತ್ತು ಹಾಡುಗಳ ಒಂದು ಆಲ್ಬಂ ಹೊರತಂದಿತು. ಹೆಸರು 'ಪಿಕಿನ್ ಅಪ್ ದ ಪೀಸಸ್'. ಹಾಡಿದ್ದು ಅದೇ ಊರಿನ ಫಿಟ್ಜ್ ಆ್ಯಂಡ್ ದ ಟ್ಯಾಂಟ್ರಮ್ಸ್ ಎಂಬ ಇಂಡೀ ಬ್ಯಾಂಡ್. ಬ್ಯಾಂಡ್ ಹುಟ್ಟಿ ಎರಡು ವರ್ಷವಾಗಿತ್ತಷ್ಟೇ. ಹಾಡುಗಳಿಗೆ ಮಾತ್ರ ಹುಟ್ಟುವಾಗಲೇ ನಲವತ್ತು ದಾಟಿತ್ತು. ಆರ್ಗನ್, ಸ್ಯಾಕ್ಸೊಫೋನ್, ಗಟ್ಟಿ ಡ್ರಮ್, ಗಂಡು ಹೆಣ್ಣು ಒಬ್ಬರಿಗೊಬ್ಬರು ಉತ್ತರ ಕೊಡುತ್ತ ಹಾಡುವ ಧಾಟಿ, ಎಲ್ಲವೂ 1960ರ ದಶಕದ ಅಮೆರಿಕದ ಸೋಲ್ ಸಂಗೀತದ ಅಂಗಡಿಯಿಂದ ಬಂದ ಸರಕು. ಕೇಳುಗರು ಎರಡು ಪಾಲಾದರು. ಒಂದು ಪಾಲು ಎದ್ದು ಕುಣಿಯಿತು. ಇನ್ನೊಂದು ಪಾಲು "ಇದನ್ನು ಆಗಲೇ ಕೇಳಿದ್ದೇವಲ್ಲ" ಎಂದು ಮುಖ ತಿರುಗಿಸಿತು.

ಈ ಜಗಳ ಒಂದು ಬ್ಯಾಂಡಿನದಷ್ಟೇ ಅಲ್ಲ. ಹಳೆಯ ಸೋಲ್ ಧಾಟಿಯಲ್ಲಿ ಯಾರು ಆಲ್ಬಂ ಮಾಡಿದರೂ ಇದೇ ಮೆಚ್ಚುಗೆ, ಇದೇ ಆಕ್ಷೇಪ ಎದ್ದುಬರುತ್ತವೆ. ಆದರೆ ಈ ಆಲ್ಬಮ್ಮಿನಲ್ಲಿ ಎರಡೂ ಕಡೆಯ ವಾದಕ್ಕೆ ಬೇಕಾದ ಪುರಾವೆ ಧಾರಾಳವಾಗಿ ಸಿಗುತ್ತದೆ. ಹಾಗಾಗಿ ಇದನ್ನೇ ಹಿಡಿದು ನೋಡಬಹುದು.

ಮೊದಲು ಮೆಚ್ಚಿದವರ ಮಾತು. ಈ ಬ್ಯಾಂಡ್ ಕಟ್ಟಿದ ಮೈಕಲ್ ಫಿಟ್ಜ್‌ಪ್ಯಾಟ್ರಿಕ್ ಅದಕ್ಕೆ ಮುಂಚೆ ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದ, ಸ್ವಂತ ಹೆಸರು ಎಲ್ಲೂ ನಿಲ್ಲದ ಗಾಯಕ. ಹಿಂದಿನ ಗೆಳತಿಯೊಬ್ಬಳು ಕೊಟ್ಟ ಸುಳಿವಿನ ಮೇಲೆ ಚರ್ಚಿನ ಹಳೆಯ ಆರ್ಗನ್ನೊಂದನ್ನು 50 ಡಾಲರಿಗೆ ಕೊಂಡು ಮನೆಗೆ ತಂದರು. ಆಲ್ಬಮ್ಮಿನ ಮೊದಲ ಹಾಡು 'ಬ್ರೇಕಿನ್ ದ ಚೈನ್ಸ್ ಆಫ್ ಲವ್' ಹುಟ್ಟಿದ್ದು ಆ ಆರ್ಗನ್ ಮೇಲೆಯೇ. ಆಲ್ಬಮ್ಮಿನ ಹೆಚ್ಚಿನ ಭಾಗ ರೆಕಾರ್ಡ್ ಆದದ್ದು ಅವರ ಮನೆಯ ಹಾಲ್‌ನಲ್ಲಿ. ಬ್ಯಾಂಡಿನಲ್ಲಿ ಗಿಟಾರ್ ಬೇಡ ಎಂದು ಮೊದಲೇ ನಿರ್ಧಾರವಾಗಿತ್ತು. ರಾಕ್ ಸಂಗೀತದಲ್ಲಿ ಖಾಲಿ ಬಿದ್ದ ಜಾಗವನ್ನೆಲ್ಲ ತುಂಬುವುದು ಗಿಟಾರಿನ ಕೆಲಸ. ಅದನ್ನು ಆಚೆಗಿಟ್ಟರೆ ಬೇಸ್, ಡ್ರಮ್, ಕೀಬೋರ್ಡ್, ಸ್ಯಾಕ್ಸೊಫೋನ್ ಇವೇ ಭಾರವೆಲ್ಲ ಹೊರಬೇಕು. ಅಡಗಿಕೊಳ್ಳಲು ಯಾರಿಗೂ ಮರೆಯಿಲ್ಲ. ಆ ಆಲ್ಬಂ ಇಂದಿಗೂ ಹಗುರವಾಗಿ, ಗಾಳಿಯಾಡುವಂತೆ ಕೇಳಿಸುವುದಕ್ಕೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

ನುಡಿಸಿದವರೂ ಹವ್ಯಾಸಿಗಳಲ್ಲ. ಕೀಬೋರ್ಡ್ ನುಡಿಸಿದ ಜೆರೆಮಿ ರುಜುಮ್ನಾ, ಮೇಸಿ ಗ್ರೇ ಹಾಡಿ ಜಗತ್ತಿಗೆ ಹಬ್ಬಿದ 'ಐ ಟ್ರೈ' ಹಾಡನ್ನು ಬರೆದವರಲ್ಲಿ ಒಬ್ಬರು. ಜೊತೆ ಗಾಯಕಿ ನೋಯೆಲ್ ಸ್ಕ್ಯಾಗ್ಸ್ ಅದಕ್ಕೆ ಮುಂಚೆ ದ ರೀಬರ್ತ್ ಎಂಬ ಸೋಲ್ ಬ್ಯಾಂಡಿನಲ್ಲಿ ಹಾಡಿದ್ದವರು. 'ಮನಿಗ್ರ್ಯಾಬರ್' ಹಾಡಿನಲ್ಲಿ ಫಿಟ್ಜ್‌ಪ್ಯಾಟ್ರಿಕ್ ದುಡ್ಡಿನ ಹಿಂದೆ ಬಿದ್ದ ಪ್ರೇಯಸಿಯನ್ನು ಬೈಯುತ್ತಿದ್ದರೆ ಸ್ಕ್ಯಾಗ್ಸ್ ಹಿಂದೆ ನಿಂತು ಹೂಂಗುಟ್ಟುವುದಿಲ್ಲ, ಮುಂದೆ ಬಂದು ಹಾಡನ್ನು ಹಂಚಿಕೊಳ್ಳುತ್ತಾರೆ. ಇವರನ್ನು ವೇದಿಕೆಯ ಮೇಲೆ ಕಂಡವರು ದೊಡ್ಡ ಅಭಿಮಾನಿಗಳಾಗಿದ್ದರೆ ಆಶ್ಚರ್ಯವಿಲ್ಲ. 2009ರಲ್ಲೇ ಮರೂನ್ 5 ತಂಡದ ಆ್ಯಡಮ್ ಲೆವೀನ್ ತಮ್ಮ ಕಾರ್ಯಕ್ರಮಗಳಲ್ಲಿ ಮೊದಲು ಹಾಡಲು ಈ ಬ್ಯಾಂಡನ್ನು ಕರೆಸಿಕೊಂಡರು. ಆಗ ಆಲ್ಬಂ ಕೂಡ ಬಂದಿರಲಿಲ್ಲ.

ಇನ್ನು ಮುನಿದವರು. ಅವರ ದೂರು ಒಂದಲ್ಲ, ಎರಡು. ಹೆಚ್ಚಿನವರು ಎರಡನ್ನೂ ಕಲಸಿ ಒಂದು ಮಾಡುತ್ತಾರೆ. ಬೇರೆ ಮಾಡಿ ನೋಡುವುದೇ ನ್ಯಾಯ.

ಮೊದಲನೆಯದು ಸಂಗೀತದ ಬಗೆಗಿನ ದೂರು: ಇದು ಮೋಟೌನ್ ಧಾಟಿಯ ನಕಲು. ಡೆಟ್ರಾಯ್ಟ್‌ನಲ್ಲಿ 1959ರಲ್ಲಿ ಬೆರಿ ಗಾರ್ಡಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಮೋಟೌನ್ ಕಂಪನಿ ಕಟ್ಟಿದರು. ಅದಕ್ಕೂ ಮುಂಚೆ ಅವರು ಕಾರು ಕಾರ್ಖಾನೆಯ ಅಸೆಂಬ್ಲಿ ಲೈನಿನಲ್ಲಿ ದುಡಿದವರು. ಮನೆಯಂಥ ಕಟ್ಟಡದಲ್ಲಿ ಸ್ಟುಡಿಯೋ, ದನಿಗೆ ಪ್ರತಿಧ್ವನಿ ಕೂಡಿಸಲು ಅಟ್ಟ. ಕಾರಿನ ರೇಡಿಯೋದ ಸಣ್ಣ ಸ್ಪೀಕರಿನಲ್ಲೂ ಎದ್ದು ಕೇಳಬೇಕೆಂದು ಹಾಡಿನ ದನಿಯನ್ನು ಹದ ಮಾಡುತ್ತಿದ್ದರು. ಟ್ಯಾಂಬೊರಿನ್ ಅಷ್ಟು ಚುರುಕಾಗಿ ಕೇಳುವುದು, ಬೇಸ್ ಹಾಡಿನ ಎರಡನೆಯ ರಾಗದಂತೆ ನಡೆಯುವುದು, ಇವೆಲ್ಲ ಆ ಜಾಗ, ಆ ಯಂತ್ರ, ಆ ಮಾರುಕಟ್ಟೆಯ ಒತ್ತಾಯದಿಂದ ಹುಟ್ಟಿದ ಗುಣಗಳು. 2010ರ ಬ್ಯಾಂಡಿಗೆ ಆ ಒತ್ತಾಯ ಯಾವುದೂ ಇಲ್ಲ. ಫಲವನ್ನಷ್ಟೇ ಎತ್ತಿಕೊಂಡರೆ ಅದು ವೇಷ ಎಂಬುದು ಈ ಕೇಳುಗರ ವಾದ. ಆಲ್ಬಮ್ಮಿನಲ್ಲಿ ಈ ವಾದಕ್ಕೆ ಸಿಕ್ಕಿಬೀಳುವ ಹಾಡುಗಳು ಖಂಡಿತ ಇವೆ. ರಾಜಕಾರಣವನ್ನು ಪ್ರಶ್ನಿಸುವ 'ಡಿಯರ್ ಮಿಸ್ಟರ್ ಪ್ರೆಸಿಡೆಂಟ್' ನನ್ನ ಕಿವಿಗೆ ಹಾಗೇ ಕೇಳುತ್ತದೆ. 1970ರ ಸುಮಾರಿಗೆ ಸೋಲ್ ಗಾಯಕರು ಪ್ರತಿಭಟನೆಯ ಹಾಡು ಹಾಡುತ್ತಿದ್ದರು, ನಾವೂ ಒಂದು ಹಾಡೋಣ ಎಂಬಂತಿದೆ. ಸಿಟ್ಟಿನ ಆಕಾರವಿದೆ, ಕಾವಿಲ್ಲ.

ಹಾಗೆಂದು ಹಳೆಯ ರೂಪದಲ್ಲಿ ಹೊಸದನ್ನು ರಚಿಸುವುದೇ ತಪ್ಪೆ? ನಮ್ಮಲ್ಲಿ ಮೈಸೂರು ವಾಸುದೇವಾಚಾರ್ಯರು 20ನೇ ಶತಮಾನದಲ್ಲಿ ಕೂತು ತ್ಯಾಗರಾಜರ ಶಿಷ್ಯಪರಂಪರೆಯ ಅಚ್ಚಿನಲ್ಲೇ ಕೃತಿಗಳನ್ನು ರಚಿಸಿದರು. ಅವರನ್ನು ಯಾರೂ ರೆಟ್ರೋ ಎನ್ನಲಿಲ್ಲ. ಅಲ್ಲಿ ದಾರಿ ಎಂದೂ ಕಡಿದಿರಲಿಲ್ಲ, ಗುರುವಿನಿಂದ ಶಿಷ್ಯನಿಗೆ ಬಂದೇ ಇತ್ತು. ಅಮೆರಿಕದ ಸೋಲ್ ವಿಷಯದಲ್ಲಿ ಇದು ಅಷ್ಟು ಸರಳವಲ್ಲ. ಜನಪ್ರಿಯ ರೇಡಿಯೋದಲ್ಲಿ ಆ ಧಾಟಿ 1970ರ ದಶಕದ ಕೊನೆಗೆ ಡಿಸ್ಕೋದೊಳಗೆ, ಆಮೇಲೆ ಸಿಂಥಸೈಜರಿನೊಳಗೆ ಕರಗಿತು. ಕಪ್ಪು ಜನರ ಚರ್ಚುಗಳಲ್ಲಿ, ಸಣ್ಣ ಕ್ಲಬ್ಬುಗಳಲ್ಲಿ ಅದು ಉಳಿದೇ ಇತ್ತು. ರೇಡಿಯೋ ಹಿಡಿದು ಅಳೆದವರಿಗೆ ಸೋಲ್ ಎಂದರೆ ತಾರೀಖು ಹಾಕಿ ಮುಗಿದ ಶೈಲಿ. ಚರ್ಚಿನಲ್ಲಿ ಹಾಡುತ್ತ ಬೆಳೆದವರಿಗೆ ಅದು ಇಂದಿನದೇ.

ಎರಡನೆಯ ದೂರು ಹುಟ್ಟುವುದು ಇಲ್ಲಿಂದ. ಮುಂದೆ ನಿಂತು ಹಾಡುವವನು ಬಿಳಿಯ. ಕಪ್ಪು ಜನ ಕಟ್ಟಿದ ಸಂಗೀತದಿಂದ ಮತ್ತೆ ಬಿಳಿಯನಿಗೇ ಹೆಸರು ಬಂತು ಎಂಬುದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬ್ರೂಕ್ಲಿನ್ನಿನ ಡ್ಯಾಪ್‌ಟೋನ್ ಕಂಪನಿಯ ಗಾಯಕಿ ಶರಾನ್ ಜೋನ್ಸ್ ಅವರನ್ನು ನೋಡಿ. ಚರ್ಚಿನಲ್ಲಿ ಹಾಡಿ ಬೆಳೆದವರು. ಬಣ್ಣ ಕಪ್ಪಾಯಿತು, ಕುಳ್ಳಾದೆ, ದಪ್ಪವಾದೆ ಎಂದು ಸಂಗೀತ ವ್ಯಾಪಾರದವರೊಬ್ಬರು ತಮ್ಮನ್ನು ತಿರಸ್ಕರಿಸಿದ್ದನ್ನು ಅವರೇ ಹೇಳಿಕೊಂಡಿದ್ದರು. ನ್ಯೂಯಾರ್ಕಿನ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಕಾವಲುಗಾರ್ತಿಯಾಗಿ ದುಡಿದರು. ಮೊದಲ ಆಲ್ಬಂ ಬಂದದ್ದು 2002ರಲ್ಲಿ, ನಲವತ್ತೈದು ದಾಟಿದ ಮೇಲೆ. 2006ರಲ್ಲಿ ಬ್ರಿಟನ್ನಿನ ಏಮಿ ವೈನ್‌ಹೌಸ್ 'ಬ್ಯಾಕ್ ಟು ಬ್ಲ್ಯಾಕ್' ಮಾಡಿದಾಗ ಅದರ ಹಲವು ಹಾಡುಗಳಿಗೆ ನುಡಿಸಿದ್ದು ಜೋನ್ಸ್ ಅವರದೇ ವಾದ್ಯತಂಡ, ಡ್ಯಾಪ್-ಕಿಂಗ್ಸ್. ವೈನ್‌ಹೌಸ್‌ಗೆ 2008ರಲ್ಲಿ ಒಂದೇ ರಾತ್ರಿ ಐದು ಗ್ರ್ಯಾಮಿ ಬಂದವು. ಅದೇ ವಾದ್ಯಗಾರರ ಮುಂದೆ ವರ್ಷಗಟ್ಟಲೆ ಹಾಡಿದ ಜೋನ್ಸ್ 2016ರಲ್ಲಿ ತೀರಿಕೊಂಡಾಗ ಅವರ ಹೆಸರಿನಲ್ಲಿ ಒಂದೂ ಇರಲಿಲ್ಲ. ವೈನ್‌ಹೌಸ್ ಅಪ್ರತಿಮ ಗಾಯಕಿ, ಅವರದೇನೂ ತಪ್ಪಿಲ್ಲ. ಆದರೆ ಬಾಗಿಲು ಯಾರಿಗೆ ಬೇಗ ತೆರೆಯುತ್ತದೆ ಎಂದು ಕೇಳುವವರ ಕೈಯಲ್ಲಿ ಇದಕ್ಕಿಂತ ಗಟ್ಟಿ ಉದಾಹರಣೆ ಬೇಕಿಲ್ಲ.

ಇದಕ್ಕೆ ಎದುರುತ್ತರವೂ ಅಷ್ಟೇ ಗಟ್ಟಿ. ಸೋಲ್ ಸಂಗೀತ ಹುಟ್ಟಿನಿಂದ ಕಪ್ಪು ಜನರದು, ನಿಜ. ಆದರೆ ನುಡಿಸುವ ಕೈಗಳು ಮೊದಲಿಂದಲೂ ಬೆರೆತಿದ್ದವು. ಮೆಂಫಿಸ್‌ನಲ್ಲಿ ಹಳೆಯ ಸಿನಿಮಾ ಮಂದಿರವನ್ನೇ ಸ್ಟುಡಿಯೋ ಮಾಡಿಕೊಂಡ ಸ್ಟ್ಯಾಕ್ಸ್ ಕಂಪನಿಯಲ್ಲಿ ಬುಕರ್ ಟಿ. ಜೋನ್ಸ್ ಜೊತೆ ನುಡಿಸಿದ ಸ್ಟೀವ್ ಕ್ರಾಪರ್, ಡಕ್ ಡನ್ ಬಿಳಿಯರು. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಅರೀಥಾ ಫ್ರಾಂಕ್ಲಿನ್‌ಗೆ ನುಡಿಸಿದವರಲ್ಲೂ ಬಿಳಿಯರಿದ್ದರು. ಶ್ರೇಯಸ್ಸು ಸಲ್ಲದ ಅನ್ಯಾಯ ಮೋಟೌನ್ ಒಳಗೇ ಇತ್ತು ಎಂಬುದನ್ನೂ ಮರೆಯಬಾರದು. ಅಲ್ಲಿನ ವಾದ್ಯಗಾರರ ತಂಡ ಫಂಕ್ ಬ್ರದರ್ಸ್‌ನ ಹೆಸರುಗಳು ರೆಕಾರ್ಡಿನ ಹೊದಿಕೆಯ ಮೇಲೆ ಬರಲು 1971ರ ಮಾರ್ವಿನ್ ಗೇ ಆಲ್ಬಂವರೆಗೆ ಕಾಯಬೇಕಾಯಿತು. ಇಡೀ ಒಂದು ಪೀಳಿಗೆಗೆ ಬೇಸ್ ಗಿಟಾರ್ ಕಲಿಸಿದ ಜೇಮ್ಸ್ ಜೇಮರ್ಸನ್, 1983ರಲ್ಲಿ ಮೋಟೌನ್ ತನ್ನ 25ನೇ ವರ್ಷದ ಸಂಭ್ರಮ ನಡೆಸಿದಾಗ ಟಿಕೆಟ್ ಕೊಂಡು ಪ್ರೇಕ್ಷಕರ ನಡುವೆ ಕೂತಿದ್ದರು ಎನ್ನುತ್ತಾರೆ. ಅದೇ ವರ್ಷ ತೀರಿಕೊಂಡರು. ಕಳೆದುಹೋದ ಶ್ರೇಯಸ್ಸಿನ ಲೆಕ್ಕವೆಲ್ಲ 2010ರ ಒಂದು ಬ್ಯಾಂಡಿನ ತಲೆಗೆ ಕಟ್ಟುವುದು ಸರಿಯಲ್ಲ.

ಶೈಲಿ ಯಾರ ಆಸ್ತಿ ಎಂಬ ಪ್ರಶ್ನೆ ಮುಂದೆ ಕೋರ್ಟಿಗೂ ಹೋಯಿತು, ಬೇರೆ ಹಾಡಿನ ನೆಪದಲ್ಲಿ. 2013ರ 'ಬ್ಲರ್ಡ್ ಲೈನ್ಸ್' ತಮ್ಮ ತಂದೆಯ 1977ರ ಹಾಡಿಗೆ ಹತ್ತಿರವಾಯಿತೆಂದು ಮಾರ್ವಿನ್ ಗೇ ಮಕ್ಕಳು ಹಟ ಹಿಡಿದರು. 2015ರಲ್ಲಿ ಜ್ಯೂರಿ ಅವರ ಪರ ತೀರ್ಪಿತ್ತು ಸುಮಾರು 74 ಲಕ್ಷ ಡಾಲರ್ ಕೊಡಿಸಿತು. ಆ ಮೊತ್ತ ಆಮೇಲೆ ಇಳಿಯಿತು, ತೀರ್ಪು ಮೇಲ್ಮನವಿಯಲ್ಲೂ ನಿಂತಿತು. ರಾಗ ಒಂದೇ ಅಲ್ಲ, ಒಟ್ಟು ಭಾವ ಒಂದೇ ಎಂಬುದಕ್ಕೆಲ್ಲ ದಂಡ ಹಾಕಿದರೆ ಹೊಸ ಹಾಡು ಬರೆಯುವುದು ಹೇಗೆ ಎಂದು 200ಕ್ಕೂ ಹೆಚ್ಚು ಸಂಗೀತಗಾರರು ಕೋರ್ಟಿಗೆ ಬರೆದುಕೊಂಡರು. ಅವರ ಆತಂಕವೇ ನನಗೆ ಸರಿ ಎನ್ನಿಸುತ್ತದೆ. ಆ ಅಳತೆಗೋಲು ಹಿಡಿದರೆ ಶರಾನ್ ಜೋನ್ಸ್ ಆಲ್ಬಮ್ಮುಗಳೂ ಕಟಕಟೆ ಹತ್ತಬೇಕಾದೀತು.

ಕತೆಗೆ ಇನ್ನೊಂದು ತಿರುವಿದೆ. 2013ರಲ್ಲಿ ಬ್ಯಾಂಡ್ ಎಲೆಕ್ಟ್ರಾ ಎಂಬ ದೊಡ್ಡ ಕಂಪನಿ ಸೇರಿ 'ಮೋರ್ ದ್ಯಾನ್ ಜಸ್ಟ್ ಎ ಡ್ರೀಮ್' ಹೊರತಂದಿತು. ಆರ್ಗನ್ ಹಿಂದೆ ಸರಿಯಿತು, 1980ರ ದಶಕದ ಸಿಂಥಸೈಜರ್ ಮುಂದೆ ಬಂತು. 'ಔಟ್ ಆಫ್ ಮೈ ಲೀಗ್' ಅಮೆರಿಕದ ಆಲ್ಟರ್‌ನೇಟಿವ್ ಪಟ್ಟಿಯ ತುದಿಗೇರಿತು. ಮೊದಲ ಆಲ್ಬಂ ಮೆಚ್ಚಿದವರಲ್ಲಿ ಹಲವರಿಗೆ ಇದು ಕೈಕೊಟ್ಟಂತೆ ಕಂಡಿತು. ನಕಲು ಎಂದಿದ್ದವರಿಗೆ "ನೋಡಿ, ಅಂಗಿ ಬಿಚ್ಚಿ ಇನ್ನೊಂದು ತೊಟ್ಟರು" ಎನ್ನಲು ಅವಕಾಶ ಸಿಕ್ಕಿತು. ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಿಲ್ಲ. ಕೇಳುಗರು ಒಂದು ಉಸಿರಿನಲ್ಲಿ ಹಳೆಯದನ್ನೇ ಮಾಡುತ್ತೀರಿ ಎಂದು ಬೈದು, ಇನ್ನೊಂದು ಉಸಿರಿನಲ್ಲಿ ಹಳೆಯದನ್ನು ಬಿಟ್ಟಿರಿ ಎಂದು ಬೈದರೆ ಬ್ಯಾಂಡ್ ಹೋಗುವುದೆಲ್ಲಿಗೆ? ಆದರೆ ಸೋಲ್ ಅವರಿಗೆ ಉಸಿರಾಟವಾಗಿರಲಿಲ್ಲ, ಪಾಪ್ ಹಾಡು ಕಟ್ಟಲು ಸಿಕ್ಕ ಒಳ್ಳೆಯ ಹಲಗೆಯಾಗಿತ್ತು ಎಂಬುದನ್ನು ಎರಡನೆಯ ಆಲ್ಬಂ ಬಯಲು ಮಾಡಿದ್ದು ನಿಜ. ಬ್ಯಾಂಡ್ ಸೋಲ್ ಬಿಟ್ಟಿತು, ಶರಾನ್ ಜೋನ್ಸ್ ಬಿಡಲಿಲ್ಲ. ವ್ಯತ್ಯಾಸ ಅಷ್ಟು.

ನನ್ನ ತೀರ್ಮಾನ ಹೀಗೆ. ಪಾಪ್ ಆಲ್ಬಂ ಎಂದು ಕೇಳಿದರೆ 'ಪಿಕಿನ್ ಅಪ್ ದ ಪೀಸಸ್' ಗೆದ್ದಿದೆ. 'ಮನಿಗ್ರ್ಯಾಬರ್', 'ಬ್ರೇಕಿನ್ ದ ಚೈನ್ಸ್ ಆಫ್ ಲವ್', 'ಡೋಂಟ್ ಗಾಟಾ ವರ್ಕ್ ಇಟ್ ಔಟ್', ಈ ಮೂರು ಯಾವ ದಶಕದಲ್ಲಿ ಬಂದಿದ್ದರೂ ನಿಲ್ಲುವ ಹಾಡುಗಳು. ಸೋಲ್ ಆಲ್ಬಂ ಎಂದು ಕೇಳಿದರೆ ತೆಳುವಾಯಿತು. ನಕಲಿನ ದೂರು ಅರ್ಧ ಸರಿ, ಉಳಿದ ಏಳರಲ್ಲಿ ಕೆಲವಕ್ಕೆ ಮಾತ್ರ ತಾಗುತ್ತದೆ. ಶ್ರೇಯಸ್ಸಿನ ದೂರು ಪೂರ್ತಿ ಸರಿ, ಆದರೆ ಅದು ತಾಗಬೇಕಾದದ್ದು ಹಾಡಿದವರಿಗಲ್ಲ, ಯಾರ ಹಾಡಿಗೆ ದುಡ್ಡು ಹಾಕಬೇಕು, ಯಾರದನ್ನು ರೇಡಿಯೋದಲ್ಲಿ ಬಿಡಬೇಕು ಎಂದು ತೀರ್ಮಾನಿಸುವವರಿಗೆ ಮತ್ತು ಒಂದಿಷ್ಟು ನಮಗೆ, ಕೇಳುವವರಿಗೆ. ಈ ಆಲ್ಬಂ ಇಷ್ಟವಾದವರು ಅಲ್ಲಿಗೇ ನಿಲ್ಲಬೇಡಿ. ಶರಾನ್ ಜೋನ್ಸ್ ಆ್ಯಂಡ್ ದ ಡ್ಯಾಪ್-ಕಿಂಗ್ಸ್ 2007ರಲ್ಲಿ ತಂದ '100 ಡೇಸ್, 100 ನೈಟ್ಸ್' ಆಲ್ಬಮ್ಮನ್ನೂ ಹುಡುಕಿ ಕೇಳಿ.