ಫ್ರಾಂಚೈಸಿ ಒಪ್ಪಂದಗಳಿಗೆ ಪ್ರತ್ಯೇಕ ಕಾನೂನು ಕೋರಿ ಮನವಿ ಪತ್ರ

ಗೆ,
ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಇಂದ,
ಹುಬ್ಬಳ್ಳಿ–ಧಾರವಾಡದ ಫಾಸ್ಟ್‌ಫುಡ್ ಫ್ರಾಂಚೈಸಿ ಮಳಿಗೆಗಳ ಮಾಲೀಕರು.

ವಿಷಯ: ಸಹಿಗೆ ಮುನ್ನ ಪೂರ್ಣ ಮಾಹಿತಿ ನೀಡುವುದನ್ನು ಫ್ರಾಂಚೈಸಿ ಕಂಪನಿಗಳಿಗೆ ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಬರ್ಗರ್, ಪಿಜ್ಜಾ, ಮೊಮೊ, ಚಹಾ ಕಂಪನಿಗಳ ಹೆಸರಿನಲ್ಲಿ ಸ್ವಂತ ಬಂಡವಾಳ ಹೂಡಿ ಮಳಿಗೆ ನಡೆಸುತ್ತಿರುವ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಈ ವ್ಯಾಪಾರದಿಂದ ನಮಗೆ ಒಳಿತೂ ಆಗಿದೆ; ಅದನ್ನು ಮರೆಮಾಚಿ ಮನವಿ ಸಲ್ಲಿಸುವುದು ಸರಿಯಲ್ಲ. ಹೊಸ ಹೋಟೆಲು ಗಿರಾಕಿಯ ನಂಬಿಕೆ ಗಳಿಸಲು ವರ್ಷಗಳೇ ಹಿಡಿಯುತ್ತವೆ. ಪರಿಚಿತ ಹೆಸರಿನ ಬೋರ್ಡ್ ಇದ್ದರೆ ಮೊದಲ ವಾರವೇ ಜನ ಬರುತ್ತಾರೆ. ಅಡುಗೆ ಕ್ರಮ, ಸಿಬ್ಬಂದಿ ತರಬೇತಿ, ಬಿಲ್ಲಿಂಗ್ ವ್ಯವಸ್ಥೆ ಸಿದ್ಧವಾಗಿ ಸಿಗುವುದರಿಂದ ಹೋಟೆಲ್ ಮನೆತನದವರಲ್ಲದವರೂ ಈ ಕಸುಬಿಗೆ ಇಳಿಯಲು ಸಾಧ್ಯವಾಗಿದೆ. ಪಿಯುಸಿ ಮುಗಿಸಿದ ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ನಮ್ಮ ಕೌಂಟರ್‌ಗಳಲ್ಲಿ ಮೊದಲ ಸಂಬಳ ಕಂಡಿದ್ದಾರೆ. ಅದು ನಮಗೆ ಹೆಮ್ಮೆ.

ಆದರೆ ಸಹಿಗೆ ಮುನ್ನ ನಮ್ಮ ಕೈಗೆ ಬರುವುದು ಒಂದು ಬಣ್ಣದ ಕೈಪಿಡಿ, ಜೊತೆಗೆ ಹಾಕಿದ ಹಣ ಬೇಗ ವಾಪಸು ಬರುತ್ತದೆಂಬ ಬಾಯಿಮಾತು. ಇದೇ ಹೆಸರಿನ ಎಷ್ಟು ಮಳಿಗೆಗಳು ಮುಚ್ಚಿದವು, ಏಕೆ ಮುಚ್ಚಿದವು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮನೆ ಅಡವಿಟ್ಟು ಸಾಲ ತಂದವರಿಗೆ ಆ ಉತ್ತರವೇ ಎಲ್ಲಕ್ಕಿಂತ ಮುಖ್ಯ. ಫ್ರಾಂಚೈಸಿ ಶುಲ್ಕ, ಬಾಡಿಗೆ ಮುಂಗಡ, ಫ್ರೈಯರ್, ಡೀಪ್ ಫ್ರೀಜರ್, ಕಂಪನಿ ಹೇಳಿದವರಿಂದಲೇ ಮಾಡಿಸಬೇಕಾದ ಒಳಾಂಗಣ ಎಲ್ಲವೂ ನಮ್ಮದೇ ಖರ್ಚು. ಪಕ್ಕದ ದರ್ಶಿನಿಯವರು ತರಕಾರಿ ದುಬಾರಿಯಾದರೆ ಅಂದೇ ಪಲ್ಯ ಬದಲಿಸುತ್ತಾರೆ, ದಿನಸಿ ಅಂಗಡಿಯನ್ನೂ ಬದಲಿಸುತ್ತಾರೆ. ನಮ್ಮಲ್ಲಿ ಹಲವರಿಗೆ ಟಿಶ್ಯೂ ಪೇಪರನ್ನೂ ಹೊರಗೆ ಕೊಳ್ಳುವ ಅನುಮತಿಯಿಲ್ಲ.

ರಾಯಲ್ಟಿ ಲೆಕ್ಕ ಹಾಕುವುದು ಲಾಭದ ಮೇಲಲ್ಲ, ಮಾರಾಟದ ಮೇಲೆ. ತಿಂಗಳ ವಹಿವಾಟು 5 ಲಕ್ಷ ರೂಪಾಯಿ, ರಾಯಲ್ಟಿ ಶೇ 6 ಎಂದಿಟ್ಟುಕೊಂಡರೆ ನಷ್ಟದ ತಿಂಗಳಲ್ಲೂ 30,000 ರೂಪಾಯಿ ಕಟ್ಟಲೇಬೇಕು. ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ 5,400 ರೂಪಾಯಿ. 2017ರ ನವೆಂಬರ್‌ನಲ್ಲಿ ಹೋಟೆಲುಗಳ ತೆರಿಗೆ ಶೇ 5ಕ್ಕೆ ಇಳಿದಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೈತಪ್ಪಿತು. ಹಾಗಾಗಿ ರಾಯಲ್ಟಿ ಮೇಲಿನ ಈ ತೆರಿಗೆಯಾಗಲಿ, ಬಾಡಿಗೆಯ ಮೇಲಿನ ತೆರಿಗೆಯಾಗಲಿ ನಮಗೆ ಮರಳುವುದಿಲ್ಲ. ಬಟವಾಡೆ ಆ್ಯಪ್‌ಗಳು ಕಮಿಷನ್ ಹಿಡಿದುಕೊಂಡು ಕೊಡುವ ಹಣ ಕಡಿಮೆ. ಕೆಲವು ಒಪ್ಪಂದಗಳಲ್ಲಿ ರಾಯಲ್ಟಿ ಮಾತ್ರ ಗಿರಾಕಿ ಕೊಟ್ಟ ಪೂರ್ತಿ ಮೊತ್ತದ ಮೇಲಿದೆ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. ತಕರಾರು ಬಂದರೆ 1872ರ ಕರಾರು ಕಾಯ್ದೆಯೇ ಮುಖ್ಯ ಆಸರೆ. ಅಮೆರಿಕದಲ್ಲಿ 1979ರಿಂದಲೇ ಇದಕ್ಕೆ ಒಕ್ಕೂಟ ಸರ್ಕಾರದ ನಿಯಮವಿದೆ. ಸಹಿಗೆ ಕನಿಷ್ಠ 14 ದಿನ ಮೊದಲು ಅಲ್ಲಿನ ಕಂಪನಿ ಆರಂಭಿಕ ಖರ್ಚು, ಶುಲ್ಕಗಳು, ತನ್ನ ಮೇಲಿನ ವ್ಯಾಜ್ಯಗಳು, ಹಿಂದಿನ ಮೂರು ವರ್ಷಗಳಲ್ಲಿ ತೆರೆದ ಮತ್ತು ಮುಚ್ಚಿದ ಮಳಿಗೆಗಳ ಲೆಕ್ಕ ಇಷ್ಟನ್ನೂ ಲಿಖಿತವಾಗಿ ಕೊಡಬೇಕು. ಕರಾರು ಸಂವಿಧಾನದ ಸಮವರ್ತಿ ಪಟ್ಟಿಯ 7ನೇ ನಮೂದು. ಆದ್ದರಿಂದ ಕಾನೂನು ರಚಿಸುವ ಅಧಿಕಾರ ರಾಜ್ಯಕ್ಕೂ ಇದೆ.

ಇಂಥದೇ ಮಾಹಿತಿ ಪತ್ರವನ್ನು, ಒಪ್ಪಂದದ ಕನ್ನಡ ಪ್ರತಿಯೊಂದಿಗೆ, ಸಹಿಗೆ ಮುನ್ನ ನೀಡುವುದನ್ನು ಕಡ್ಡಾಯಗೊಳಿಸುವ ಕಾಯ್ದೆ ತರಬೇಕೆಂಬುದು ನಮ್ಮ ಪ್ರಧಾನ ಬೇಡಿಕೆ. ಆ್ಯಪ್ ಕಮಿಷನ್ ಮತ್ತು ತೆರಿಗೆ ಕಳೆದು ಉಳಿದ ಮೊತ್ತದ ಮೇಲಷ್ಟೇ ರಾಯಲ್ಟಿ ಇರಲಿ. ಚಾಲ್ತಿಯಲ್ಲಿರುವ ಮಳಿಗೆಯ ಸಮೀಪವೇ ಅದೇ ಹೆಸರಿನ ಇನ್ನೊಂದನ್ನು ತೆರೆಯದಂತೆ ವ್ಯಾಪ್ತಿ ನಿಗದಿಯಾಗಲಿ. ಲೋಪ ಸರಿಪಡಿಸಲು ಕಾಲಾವಕಾಶ ಕೊಡದೆ ಒಪ್ಪಂದ ರದ್ದುಪಡಿಸುವಂತಿರಬಾರದು. ರದ್ದಾದರೆ, ಕಂಪನಿಯೇ ಕೊಳ್ಳಿಸಿದ ಯಂತ್ರಗಳು ಗುಜರಿ ಬೆಲೆಗೆ ಹೋಗದಂತೆ ಅವನ್ನು ಕಂಪನಿಯೇ ನ್ಯಾಯಯುತ ದರಕ್ಕೆ ಹಿಂಪಡೆಯಬೇಕು. ವ್ಯಾಜ್ಯಕ್ಕಾಗಿ ದೆಹಲಿ, ಮುಂಬೈಗೆ ಅಲೆಸುವ ಕರಾರುಗಳಿಗೂ ತಡೆ ಬೇಕು. ಪಂಚಾಯ್ತಿಕೆ ಕರ್ನಾಟಕದಲ್ಲೇ ನಡೆಯಲಿ. ರಾಯಲ್ಟಿ ಮೇಲಿನ ತೆರಿಗೆಯ ಹೊರೆಯನ್ನು ಜಿಎಸ್‌ಟಿ ಮಂಡಳಿಯ ಮುಂದಿಡುವಂತೆ ಹಣಕಾಸು ಇಲಾಖೆಗೆ ತಾವು ಶಿಫಾರಸು ಮಾಡಬೇಕೆಂದೂ ಕೋರುತ್ತೇವೆ.

ಕರಡು ಸಿದ್ಧಪಡಿಸುವ ಮುನ್ನ ಹುಬ್ಬಳ್ಳಿಯಲ್ಲಿ ಒಂದು ಅಹವಾಲು ಸಭೆ ಕರೆಯಬೇಕಾಗಿ ವಿನಂತಿ. ನಮ್ಮ ಒಪ್ಪಂದ ಪತ್ರ, ಬಾಡಿಗೆ ಕರಾರು ಹಾಗೂ ತಿಂಗಳ ಲೆಕ್ಕಗಳನ್ನು ಇಲಾಖೆಯ ಪರಿಶೀಲನೆಗೆ ಒಪ್ಪಿಸಲು ಸಿದ್ಧರಿದ್ದೇವೆ.


ತಮ್ಮ ವಿಶ್ವಾಸಿಗಳು
(ಮಳಿಗೆ ಮಾಲೀಕರ ಸಹಿಗಳು)